ನನ್ನ ಮೂರು ಬಾಟಲಿ, ಅವಳ ಒಂಬತ್ತು

ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಪೆಟ್ಟಿಗೆಯಿಂದ. ಇನ್ನೊಬ್ಬಳ ಸೀರೆ, ಬಂಗಾರ, ಇನ್ನೊಬ್ಬಳ ಗಂಡನ ನೌಕರಿ, ಇವನ್ನು ನೋಡಿದರೆ ನನಗೂ ಎಲ್ಲರಂತೆ ಒಂದು ಗಳಿಗೆ ಚುರ್ ಅನ್ನುತ್ತಿತ್ತು, ಮನೆಗೆ ಬಂದು ಒಲೆ ಹಚ್ಚುವಷ್ಟರಲ್ಲಿ ಮರೆತೂ ಹೋಗುತ್ತಿತ್ತು. ಪೆಟ್ಟಿಗೆ ಮಾತ್ರ ಹಾಗೆ ಮರೆಯಲಿಲ್ಲ. ಅಲ್ಯುಮಿನಿಯಂ ಪೆಟ್ಟಿಗೆ, ಎದುರಿಗೆ ಎರಡು ಕೊಂಡಿ. ಮುಚ್ಚಳ ಎತ್ತಿದರೆ ಒಳಗಿನ ತಟ್ಟೆಗಳು ಎರಡೂ ಬದಿಗೆ ಮೆಟ್ಟಿಲಿನ ಹಾಗೆ ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಮೇಲಿನ ಮೆಟ್ಟಿಲಿನಲ್ಲಿ ಸಾಲಾಗಿ ಒಂಬತ್ತು ಫೌಂಡೇಶನ್ ಬಾಟಲಿ, ಮುಖಕ್ಕೆ ಹಚ್ಚುವ ಬಣ್ಣ. ಕುಮಟೆಯಲ್ಲಿ ಸಂಬಂಧಿಕರ ಮದುವೆಗೆ ಹೋದವಳು, ಮದುಮಗಳನ್ನು ನೋಡುವ ನೆಪದಲ್ಲಿ ಒಳಕೋಣೆಗೆ ಹೊಕ್ಕು ಆ ಒಂಬತ್ತನ್ನು ಎರಡು ಸಲ ಎಣಿಸಿದೆ. ಎರಡು ಸಲವೂ ಒಂಬತ್ತೇ ಇದ್ದವು.

ಪೆಟ್ಟಿಗೆಯ ಒಡತಿ ಬೇರೆ ಯಾರೂ ಅಲ್ಲ, ನನ್ನ ಜೊತೆಯಲ್ಲೇ ಕೋರ್ಸು ಮಾಡಿದ ಕುಮಟೆಯವಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಬ್ಬಳ್ಳಿಯಲ್ಲಿ ಮೂರು ತಿಂಗಳ ಬ್ಯೂಟಿಷಿಯನ್ ಕೋರ್ಸಿಗೆ ಕರಾವಳಿಯಿಂದ ಹೋದವರು ನಾವಿಬ್ಬರೇ. ನನಗಿಂತ ಎರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಒಂದೇ ಕೋಣೆ, ಒಂದೇ ಸ್ಟೌವ್. ತರಗತಿಯಲ್ಲಿ ನಾನೇ ಮುಂದು, ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಸ್ಪಂಜು ಹಿಡಿದರೆ ನನ್ನ ಕೈ ಎಲ್ಲೂ ನಿಲ್ಲುತ್ತಿರಲಿಲ್ಲ, ಹದಿನೈದು ನಿಮಿಷದಲ್ಲಿ ಮುಖ ತಯಾರು. ಅವಳೋ, ಎದುರಿಗೆ ಕೂತವಳ ದವಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನು ಬೆರಳಲ್ಲಿ ತೀಡಿ, ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ನೋಡಿ, ಮತ್ತೆ ಒರೆಸಿ, ಮತ್ತೆ ಇನ್ನೊಂದು ಚುಕ್ಕೆ. ಕಲಿಸುವ ಮೇಡಂ ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದರು. ನಾನೂ ನಗುತ್ತಿದ್ದೆ, ಅವಳೂ ನಗುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾವು ಸೀಮೆ ಹಂಚಿಕೊಂಡೆವು. ನಮ್ಮಿಬ್ಬರ ಊರಿನ ನಡುವಿನ ಹಳದೀಪುರದಿಂದ ಆಚೆ ಅವಳದು, ಈಚೆ ಹೊನ್ನಾವರವೆಲ್ಲ ನನ್ನದು. ಭಟ್ಕಳ ಯಾರು ಮೊದಲು ಹೋಗುತ್ತಾರೋ ಅವರದು. ದೊಡ್ಡ ಸಂಸ್ಥಾನದ ಅರಸರ ಹಾಗೆ ಮಾತಾಡಿಕೊಂಡೆವು, ಇಬ್ಬರ ಹತ್ತಿರವೂ ಇದ್ದದ್ದು ತಲಾ ಒಂದು ಮೇಕಪ್ಪಿನ ಪ್ಯಾನ್‌ಕೇಕ್ ಡಬ್ಬಿ.

ಆಗ ನಮ್ಮ ಕಡೆ ಮದುಮಗಳಿಗೆ ಮೇಕಪ್ಪಿನವಳನ್ನು ಕರೆಸುವುದೇ ಹೊಸ ಸಂಗತಿ. ಅಲ್ಲಿಯವರೆಗೆ ಸ್ನೋ ಪೌಡರು ಹಚ್ಚಿ ಹುಬ್ಬು ತಿದ್ದುವ ಕೆಲಸ ಯಾರಾದರೂ ಚಿಕ್ಕಮ್ಮನದೋ ಅತ್ತಿಗೆಯದೋ ಆಗಿತ್ತು. ನನಗೆ ಅಂಗಡಿ ಇರಲಿಲ್ಲ. ಮದುವೆಯಾಗಿ ಹೊನ್ನಾವರದಲ್ಲೇ ತವರಿನಿಂದ ಎರಡು ಬೀದಿ ಆಚೆ ಮನೆ ಮಾಡಿದ್ದೆ, ಯಾರಾದರೂ ಹೇಳಿ ಕಳಿಸಿದರೆ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಹೊರಡುತ್ತಿದ್ದೆ. ಬುಟ್ಟಿಯಲ್ಲಿ ಪ್ಯಾನ್‌ಕೇಕ್, ಪೌಡರು, ಎರಡು ಲಿಪ್‌ಸ್ಟಿಕ್, ಕಾಡಿಗೆ, ಸ್ಪಂಜು. ಬೇಸಿಗೆಯ ಮದುವೆಯಲ್ಲಿ ಬಣ್ಣ ಬೆವರಿಗೆ ಇಳಿಯದಿರಲು ಮೊದಲು ಮುಖಕ್ಕೆ ಐಸು ತಿಕ್ಕಬೇಕು ಎಂದು ಕೋರ್ಸಿನಲ್ಲಿ ಹೇಳಿದ್ದರು. ಹುಬ್ಬಳ್ಳಿಯವರಿಗೇನು, ಹೇಳಿಬಿಟ್ಟರು. ಹೊನ್ನಾವರದಲ್ಲಿ ಐಸು ಅಂದರೆ ಬಂದರಿನಲ್ಲಿ ಮೀನಿಗೆ ಹಾಕುವ ಐಸು. ನನ್ನ ಎರಡನೆಯ ಮದುಮಗಳು ಮೀನು ಮುಟ್ಟದ ಮನೆಯವಳು. ಥರ್ಮಾಸಿನಲ್ಲಿ ತಂದ ಐಸನ್ನು ಬಟ್ಟೆಯಲ್ಲಿ ಸುತ್ತಿ ಚೆನ್ನಾಗಿ ತಿಕ್ಕಿದೆ. ಮಂಟಪದಲ್ಲಿ ಭಟ್ಟರು ಎರಡು ಸಲ ಮಂತ್ರ ನಿಲ್ಲಿಸಿ ಅತ್ತಿತ್ತ ನೋಡಿದರು. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ.

ಇಂಥ ಬುಟ್ಟಿಯವಳು ಕುಮಟೆಯ ಆ ಒಳಕೋಣೆಯಲ್ಲಿ ಮೆಟ್ಟಿಲು ಪೆಟ್ಟಿಗೆಯ ಎದುರು ನಿಂತಾಗ ಏನಾಗಬೇಕೋ ಅದೇ ಆಯಿತು. ನೆಂಟರೆಲ್ಲ ಮದುಮಗಳ ಸೀರೆ ನೋಡುತ್ತಿದ್ದರು, ನಾನು ಬಾಟಲಿ ನೋಡುತ್ತಿದ್ದೆ. ಶೇಡ್ ನಂಬರು ಓದೋಣವೆಂದು ಬಗ್ಗಿದರೆ ಒಂದರ ಮೇಲೂ ಚೀಟಿಯಿಲ್ಲ. ಎಲ್ಲವನ್ನೂ ಬ್ಲೇಡಿನಲ್ಲಿ ನೀಟಾಗಿ ಕೆರೆದು ತೆಗೆದಿದ್ದಳು. ನಮ್ಮ ಕಸುಬಿನಲ್ಲಿ ಹಾಗೆ ಮಾಡುವವರಿದ್ದಾರೆ, ಇನ್ನೊಬ್ಬಳು ನೋಡಿ ಅದನ್ನೇ ತರಬಾರದು ಎಂದು. ಆದರೆ ಆಮೆ ಹಾಗೆ ಮಾಡುತ್ತಾಳೆಂದು ನಾನು ಎಣಿಸಿರಲಿಲ್ಲ.

"ಇಷ್ಟೆಲ್ಲಾ ಎಲ್ಲಿಂದ ತಂದ್ಯೇ?" ಎಂದು ಕೇಳಿದೆ, ಆದಷ್ಟು ಸಾದಾ ದನಿಯಲ್ಲಿ.

"ಅಲ್ಲಿಂದ ಇಲ್ಲಿಂದ ಒಟ್ಟು ಮಾಡ್ದೆ ಅಕ್ಕಾ," ಎಂದು ನಕ್ಕಳು.

ಅವಳ ಸೋದರಮಾವ ಮುಂಬಯಿಯಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಇದೆಲ್ಲ ಮುಂಬಯಿ ಮಾಲು ಎಂದು ನಾನೇ ನಿರ್ಧರಿಸಿದೆ. ಅವಳಿಗೆ ಮಾವ ಇದ್ದಾನೆ, ನನಗೆ ಯಾರಿದ್ದಾರೆ? ಹೀಗೆ ಎಣಿಸಿಕೊಂಡರೆ ಒಂದು ಸುಖವಿತ್ತು. ಅವಳದು ಅದೃಷ್ಟ, ನನ್ನದು ಕೈಗುಣ ಎಂದು ವಾದ ಮಾಡಬಹುದಿತ್ತು. ಕುಮಟೆಯಿಂದ ಹೊನ್ನಾವರ ಮುಟ್ಟುವವರೆಗೂ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಈ ವಾದ ಮಾಡಿದೆ, ಮತ್ತು ಗೆದ್ದೆ.

ಮರುವಾರವೇ ಭಟ್ಕಳಕ್ಕೆ ಹೊರಟೆ. ಫಾರಿನ್ ಸಾಮಾನು ಬೇಕಾದರೆ ನಮ್ಮ ಕಡೆಯವರೆಲ್ಲ ಭಟ್ಕಳಕ್ಕೇ ಹೋಗುವುದು. ಅಲ್ಲಿಯ ಮನೆಮನೆಯಲ್ಲೂ ದುಬೈಯಲ್ಲೋ ಸೌದಿಯಲ್ಲೋ ಇರುವವರು, ಬಂದಾಗಲೆಲ್ಲ ಅವರು ತಂದ ಸೆಂಟು, ಸೋಪು, ಕ್ರೀಮು ಪೇಟೆಯ ಅಂಗಡಿಗಳಿಗೆ ಬಂದು ಸೇರುತ್ತಿದ್ದವು. ಒಂದು ಗಲ್ಲಿಯೊಳಗಿನ ಅಂಗಡಿಗೆ ಹೊಕ್ಕೆ. ಬಿಳಿ ಗಡ್ಡದ ಮುದುಕರು. ಹೆಂಗಸರ ಮುಖ ನೋಡದೆ, ದುಡ್ಡಿನ ಗಲ್ಲೆಯ ಮೇಲೆ ಕಣ್ಣಿಟ್ಟೇ ಮಾತಾಡುವವರು. ಫೌಂಡೇಶನ್ ಅಂದೊಡನೆ ಹಿಂದಿನ ಕಪಾಟಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ಬಾಟಲಿಗಳನ್ನು ಸಾಲಾಗಿ ಇಟ್ಟರು. ಎಡಗಡೆ ಹಾಲಿನ ಕೆನೆಯಂಥ ಬಣ್ಣದಿಂದ ಶುರುವಾಗಿ ಬಲಗಡೆ ಬೆಲ್ಲದ ಬಣ್ಣ, ಹುಣಿಸೆಹಣ್ಣಿನ ಬಣ್ಣ, ಕಾಫಿಪುಡಿಯ ಬಣ್ಣದವರೆಗೆ.

"ಇದು ಮೂರು ಎಲ್ಲಾರೂ ತಗೊಳ್ತಾರೆ ಅಮ್ಮಾ," ಎಂದು ಎಡಗಡೆಯ ಬಿಳಿ ಮೂರನ್ನು ಮುಂದೆ ಸರಿಸಿದರು. ಆಮೇಲೆ ಬಲಗಡೆಯ ಬಾಟಲಿಗಳನ್ನು ಬೆರಳ ತುದಿಯಲ್ಲಿ ತಟ್ಟಿ, "ಇದು ಯಾರಿಗೂ ಬೇಡ. ಬರುವಾಗ ಸೆಟ್ಟಿನಲ್ಲಿ ಬರ್ತದೆ, ಹಾಗೇ ಉಳೀತದೆ. ನೀವು ತಗೊಂಡ್ರೆ ಅರ್ಧಕ್ಕೆ ಕೊಡ್ತೆ. ಮಾಲು ಅಸಲಿ," ಎಂದರು.

ನನಗೆ ನಗು ಬಂತು. "ಕಪ್ಪು ಹಚ್ಚಿಸ್ಕೊಳ್ಳೂಕೆ ಯಾರಾದ್ರೂ ನನ್ನ ಕರೀತ್ರಾ?" ಎಂದೆ.

ಅವರೂ ನಕ್ಕು ಅವನ್ನು ಪೆಟ್ಟಿಗೆಗೆ ವಾಪಸು ಹಾಕಿದರು. ನಾನು ಬಿಳಿ ಮೂರನ್ನು ಪೂರ್ತಿ ಬೆಲೆ ಕೊಟ್ಟು ತಂದೆ. ಅವುಗಳ ತಳದಲ್ಲಿ ಕೆಂಪು ಅಂಚಿನ ಸಣ್ಣ ಚೀಟಿ, ಅದರ ಮೇಲೆ ಮುದುಕರ ಕೈಬರಹದಲ್ಲಿ ಬೆಲೆ. ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಆ ಮೂರು ಬಾಟಲಿಯಿಂದ ನಾನು ನಾಲ್ಕೈದು ವರ್ಷ ಹೊನ್ನಾವರದ ಮದುಮಗಳಂದಿರನ್ನೆಲ್ಲ ಬೆಳ್ಳಗೆ ಮಾಡಿದೆ. ಮುಗಿದಾಗ ಅದೇ ಅಂಗಡಿಗೆ ಹೋಗಿ ಅದೇ ಮೂರನ್ನು ತರುತ್ತಿದ್ದೆ. ಜನರಿಗೂ ಅದೇ ಬೇಕಿತ್ತು. ಕೋಣೆಯಿಂದ ಹೊರಗೆ ಬಂದ ಮದುಮಗಳನ್ನು ಗುರುತು ಹಿಡಿಯಲಾಗದಿದ್ದರೆ ಮೇಕಪ್ಪು ಚೆನ್ನಾಗಿ ಆಗಿದೆ ಎಂದು ಅರ್ಥ. "ಅಯ್ಯೋ, ಇದು ನಮ್ಮನೆ ಹುಡ್ಗೀನಾ!" ಎಂದು ಅತ್ತೆ ಚಿಕ್ಕಮ್ಮಂದಿರು ಬಾಯಿಗೆ ಕೈಯಿಡುತ್ತಿದ್ದರು, ನಾನು ಉಬ್ಬುತ್ತಿದ್ದೆ. ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಇರುತ್ತಿದ್ದದ್ದು ನಿಜ. ಕೈಗೆ ಬಳೆ ಇದ್ದವಲ್ಲ, ಕತ್ತಿಗೆ ಸರ ಇದ್ದವಲ್ಲ, ಯಾರು ನೋಡುತ್ತಾರೆ?

ನೋಡುವವನು ಒಬ್ಬನಿದ್ದ, ವಿಡಿಯೋದವನು. ಆಗ ಮದುವೆಗಳಲ್ಲಿ ವಿಡಿಯೋ ಶುರುವಾಗಿ, ಅವನ ಜೊತೆ ಒಂದು ದೊಡ್ಡ ಲೈಟು ಬರುತ್ತಿತ್ತು. ಆ ಲೈಟಿನ ಎದುರು ನನ್ನ ಮದುಮಗಳಂದಿರ ಮುಖ ಕ್ಯಾಸೆಟ್ಟಿನಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ದಿನ ಆತ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು, "ಅಕ್ಕಾ, ಕುಮಟೆಯವ್ರು ಮಾಡಿದ್ದಕ್ಕೆ ನಂಗೆ ಲೈಟು ಹೊಂದ್ಸೂಕೆ ಕಷ್ಟ ಇಲ್ಲ. ನಿಮ್ದಕ್ಕೆ ಎಂತ ಮಾಡಿದ್ರೂ ಆಗೂದಿಲ್ಲ," ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಿನ್ನ ಲೈಟೇ ಸರಿಯಿಲ್ಲ ಎಂದೆ. ಆದರೆ ಆ ವರ್ಷದಿಂದ ಹೊನ್ನಾವರದ ಮದುವೆಗಳಿಗೂ ಅವಳ ಪೆಟ್ಟಿಗೆ ಬರತೊಡಗಿತು. ಹಳದೀಪುರದ ಸೀಮೆ ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ. ಕೇಳಿದರೆ ಉರಿಯುತ್ತಿರುವುದು ಗೊತ್ತಾಗುತ್ತದಲ್ಲ. ಮೀನುಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ಯಾರು ಅವಳ ಹೆಸರೆತ್ತಿದರೂ ನಾನು, "ಹೌದು, ಚಲೋ ಹುಡುಗಿ. ಆದ್ರೆ ಬಹಳ ನಿಧಾನ," ಎನ್ನುತ್ತಿದ್ದೆ. ಹೊಗಳಿದ ಹಾಗೂ ಆಗಬೇಕು, ಕೆಲಸ ಹೋದ ಹಾಗೂ ಆಗಬೇಕು.

ಇಷ್ಟರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು.

ನನಗೆ ಇರುವುದು ಒಬ್ಬಳೇ ತಂಗಿ. ನಾನು ಆಯಿಯ ಹಾಗೆ ಬೆಳ್ಳಗೆ, ಅವಳು ಅಪ್ಪನ ಹಾಗೆ ಕಪ್ಪಗೆ. ಬಂದವರೆಲ್ಲ ಒಬ್ಬಳನ್ನು ನೋಡಿ ಇನ್ನೊಬ್ಬಳನ್ನು ನೋಡಿ ಒಂದು ಮಾತು ಹೇಳಿಯೇ ಹೋಗುತ್ತಿದ್ದರು, ಅದನ್ನು ಕೇಳಿಯೇ ನಾವು ದೊಡ್ಡವರಾದೆವು. ಕೋರ್ಸು ಮುಗಿಸಿ ಬಂದ ಮೇಲೆ ಕೈ ಪಳಗಿಸಲು ನನಗೆ ಸಿಕ್ಕ ಮುಖ ಅವಳದೇ. ಹೊಸ ಬಾಟಲಿ ಬಂದಾಗಲೆಲ್ಲ ಅವಳನ್ನು ಜಗಲಿಯಲ್ಲಿ ಕೂರಿಸುತ್ತಿದ್ದೆ. ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದಳು. ಮುಗಿದ ಮೇಲೆ ಕನ್ನಡಿ ಕೊಟ್ಟರೆ ಒಂದು ಸಲ ನೋಡಿ, "ಆತಾ?" ಎಂದು ಕೇಳಿ, ಬಾವಿಕಟ್ಟೆಗೆ ಹೋಗಿ ತೊಳೆದುಕೊಂಡು ಬರುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ಅವಳು ಕುಮಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆಗೆ ಇನ್ನೂ ತಿಂಗಳಿರುವಾಗ ಒಂದು ಸಂಜೆ ನಮ್ಮ ಮನೆಗೆ ಬಂದು, ಚಾ ಕುಡಿದು ಲೋಟ ಕೆಳಗಿಟ್ಟು ಹೇಳಿದಳು.

"ಅಕ್ಕಾ, ಬೇಜಾರ ಮಾಡ್ಬೇಡ. ಮದ್ವೆಗೆ ನಂಗೆ ಕುಮಟೆಯವ್ಳು ಇರ್ಲಿ."

ನಾನು ಮೊದಲು ತಮಾಷೆ ಎಂದುಕೊಂಡೆ. "ಎಂತಕ್ಕೆ? ನನ್ನ ಕೈಗೆ ಎಂತ ಆಗ್ಯದೆ?"

"ನಿನ್ನ ಕೈಗೆ ಎಂತದೂ ಆಗ್ಲಿಲ್ಲ. ನಮ್ಮ ಅಂಗಡಿ ಹುಡ್ಗಿ ಮದ್ವೆಗೆ ಅವ್ಳೇ ಮಾಡಿದ್ದು. ಆ ಹುಡ್ಗೀನೂ ನನ್ನಷ್ಟೇ ಕಪ್ಪು. ಮಂಟಪದಲ್ಲಿ ಅವ್ಳು ಅವ್ಳೇ ಆಗಿದ್ದಳು ಅಕ್ಕಾ. ನೀ ಹಚ್ಚಿದ್ರೆ ಕನ್ನಡಿಲಿ ನಾನು ಕಾಣೂದೇ ಇಲ್ಲ."

ಊರಿನ ಎಷ್ಟು ಹುಡುಗಿಯರಿಗೆ ಮಾಡಿದ್ದೆ, ಆ ಮುಖಗಳನ್ನೆಲ್ಲ ನಾನು ಮರೆತಿದ್ದೇನೆ. ಇದೊಂದು ಮುಖ ನನ್ನದೆಂದುಕೊಂಡಿದ್ದೆ. ತಂಗಿಯ ಮದುವೆಯ ದಿನ ಅವಳ ಗಲ್ಲ ಹಿಡಿದು ತಿದ್ದುವ ಕೈ ನನ್ನದಾಗಬೇಕು, ಆಮೇಲೆ ಯಾರು ಎಷ್ಟು ಪೆಟ್ಟಿಗೆ ತಂದರೂ ತರಲಿ ಎಂದು ಒಳಗೊಳಗೇ ಇಟ್ಟುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಎಷ್ಟು ಸಲ ಬೇರೆಯವರಿಗೆ ಹೇಳಿದ್ದೆನೋ. ನನಗೇ ಆದಾಗ ಅದು ಗಾದೆಯ ಹಾಗೆ ಕೇಳಿಸಲಿಲ್ಲ. ಬೇಡ ಎಂದರೆ ಹೊಟ್ಟೆಕಿಚ್ಚು ಬಯಲಾಗುತ್ತದೆ. ಅದಕ್ಕೆ "ಆತು, ಕರೆಸು. ನಂಗೂ ಅವತ್ತು ಓಡಾಟ ಇರ್ತದೆ," ಎಂದೆ. ಅವಳು ಹೋದ ಮೇಲೆ ಅವಳು ಕುಡಿದ ಲೋಟವನ್ನು ಬಹಳ ಹೊತ್ತು ತಿಕ್ಕಿದೆ.

ಕುಮಟೆಯವಳು ಮದುವೆಯ ಹಿಂದಿನ ದಿನವೇ ನನ್ನ ತವರಿಗೆ ಬಂದಳು. ಯಾಕೆ ಇಷ್ಟು ಬೇಗ ಎಂದು ಆಯಿಗೂ ಆಶ್ಚರ್ಯ. ಅವಳು ಕಾಯುತ್ತಿದ್ದದ್ದು ಅರಿಶಿನದ ಸ್ನಾನ ಮುಗಿಯುವುದನ್ನು. ನಮ್ಮಲ್ಲಿ ಮದುಮಗಳಿಗೆ ಮೈತುಂಬ ಅರಿಶಿನ ಹಚ್ಚಿ ಮೀಯಿಸುತ್ತಾರಲ್ಲ, ಎಷ್ಟು ತೊಳೆದರೂ ಮರುದಿನದವರೆಗೆ ಮುಖದಲ್ಲಿ ಒಂದು ಹಳದಿ ಉಳಿದೇ ಇರುತ್ತದೆ. ಮೊದಲೇ ನೋಡಿ ಆರಿಸಿದ ಬಣ್ಣ ಅದರ ಮೇಲೆ ಕೂರುವುದಿಲ್ಲ. ಈ ಸಂಗತಿ ನನಗೆ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ಅವಳು ತಂಗಿಯನ್ನು ಹಿಂಬಾಗಿಲ ಬೆಳಕಿನಲ್ಲಿ ಕೂರಿಸಿ, ದವಡೆಯ ಮೇಲೆ ಮೂರು ಗೆರೆ ಎಳೆದು, ಬೆವರು ಬರುವವರೆಗೆ ಕಾದಳು. ಕಾಯುತ್ತ ಕಾಯುತ್ತ ಆಯಿಯ ಜೊತೆ ಬಾಳೆಲೆ ಒರೆಸಿದಳು. ಆಮೇಲೆ ಬಂದು ನೋಡಿ, ಒಂದು ಗೆರೆ ಒರೆಸಿ, "ಈ ಎರಡು ಕೂಡ್ಸಿದ್ರೆ ಸಮ ಆಗ್ತದೆ," ಎಂದಳು. ನಾನು ಕಾಯಿ ಸುಲಿಯುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ತಪ್ಪು ಹುಡುಕುವವಳಿಗೆ ಒಂದು ತಪ್ಪೂ ಸಿಗದಿದ್ದರೆ ಎಷ್ಟು ಸಿಟ್ಟು ಬರುತ್ತದೆಂದು ಅವತ್ತು ತಿಳಿಯಿತು.

ಮದುವೆ ಇಡಗುಂಜಿಯಲ್ಲಿ. ದೊಡ್ಡ ಮುಹೂರ್ತದ ದಿನ, ಅಕ್ಕಪಕ್ಕದಲ್ಲೇ ಮೂರ್ನಾಲ್ಕು ಮದುವೆ. ಛತ್ರದ ಒಂದು ಕೋಣೆ ನಮಗೆ ಸಿಕ್ಕಿತ್ತು, ಒಂದೇ ಕಿಟಕಿ. ಬೆಳಿಗ್ಗೆ ತಂಗಿಯನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ ಅವಳು ಪೆಟ್ಟಿಗೆ ಬಿಚ್ಚಿದಳು. ನಾನು ಹೂವು, ಪಿನ್ನು ಕೊಡುವವಳಾಗಿ ಪಕ್ಕದಲ್ಲಿ ನಿಂತೆ.

"ಅಕ್ಕಾ, ಆ ಕಡೆಯಿಂದ ಎರಡ್ನೇದು ಕೊಡಿ."

ಎತ್ತಿ ಕೊಡುವಾಗ ಬೆರಳಿಗೆ ಬಾಟಲಿಯ ತಳದಲ್ಲಿ ಕಾಗದ ತಾಗಿತು. ಮಗುಚಿ ನೋಡಿದೆ. ಕೆಂಪು ಅಂಚಿನ ಸಣ್ಣ ಚೀಟಿ. ಅದೇ ಮುದುಕರ ಕೈಬರಹ. ಮೇಲಿನ ಬೆಲೆಗೆ ಗೆರೆ ಎಳೆದು ಕೆಳಗೆ ಅದರ ಅರ್ಧ ಬರೆದಿತ್ತು.

ನಂಬರು ಕೆರೆಯುವಾಗ ತಳದ ಚೀಟಿ ತೆಗೆಯಲು ಮರೆತಿದ್ದಳೋ, ಅಥವಾ ಅದನ್ನು ಮುಚ್ಚಿಡಬೇಕೆಂದು ಅವಳಿಗೆ ಅನಿಸಿರಲೇ ಇಲ್ಲವೋ. ಮುಂಬಯಿಯೂ ಇಲ್ಲ, ಮಾವನೂ ಇಲ್ಲ. ನಾನು ನಕ್ಕು ಪೆಟ್ಟಿಗೆಗೆ ವಾಪಸು ಹಾಕಿಸಿದಂಥ ಬಾಟಲಿಗಳೇ. ನನ್ನ ಕಣ್ಣೆದುರಿಗೆ ಅಂಗಡಿಯ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ಬೇಕೋ ಎಂದು ಕೇಳಿದ್ದರು, ಬೇಡ ಎಂದಿದ್ದೆ. ಅದೃಷ್ಟವಂತಳ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ನನಗಿಂತ ಬುದ್ಧಿವಂತೆಯ ಮೇಲೆ ಪಡುವುದಿದೆಯಲ್ಲ, ಅದು ಮೈಯೆಲ್ಲ ಸುಡುತ್ತದೆ. ಬಾಟಲಿ ಕೊಟ್ಟೆ. ಅವಳು ಎರಡು ಹನಿ ಅಂಗೈಯಲ್ಲಿ ಹಾಕಿ, ಇನ್ನೊಂದರಿಂದ ಒಂದು ಹನಿ ಕೂಡಿಸಿ, ಬೆರಳಲ್ಲಿ ಬೆರೆಸಿ ತಂಗಿಯ ಹಣೆಗಿಟ್ಟಳು.

ಮುಕ್ಕಾಲು ಗಂಟೆ ಹಿಡಿಯಿತು. ಮುಗಿದಾಗ ತಂಗಿ ತಂಗಿಯೇ ಆಗಿದ್ದಳು. ಬಣ್ಣ ಅವಳದೇ, ಮೂಗಿನ ಪಕ್ಕದ ಮಚ್ಚೆ ಅಲ್ಲೇ ಇತ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದು, ಒಳ್ಳೆಯ ಸುದ್ದಿ ಕೇಳಿದವಳ ಹಾಗೆ ಕಾಣುತ್ತಿದ್ದಳು. ಮುಖ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಯಿತೆಂದು ನನ್ನಂಥ ಕಸುಬಿನವಳಿಗೂ ಹೇಳಲಾಗುತ್ತಿರಲಿಲ್ಲ. ಕನ್ನಡಿ ಕೊಟ್ಟಳು. ತಂಗಿ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ನಕ್ಕಳು. ಇಷ್ಟು ವರ್ಷ ಜಗಲಿಯಲ್ಲಿ ನಾನು ಕಾದದ್ದು ಆ ನಗೆಗೇ. ಅದು ನನ್ನೆದುರಿಗೇ ಇನ್ನೊಬ್ಬಳಿಗೆ ಹೋಯಿತು.

ಕುಮಟೆಯವಳು ಪೆಟ್ಟಿಗೆ ಹಾಗೇ ತೆರೆದಿಟ್ಟು ಚಾ-ಆಸರಿಗೆ ಕುಡಿದು ಬರುತ್ತೇನೆಂದು ಹೊರಗೆ ಹೋದಳು. ಅವಳು ಹೋದ ಬಾಗಿಲಲ್ಲೇ ಆಯಿ, ಹಿಂದೆ ನಾಲ್ಕೈದು ಹೆಂಗಸರು ಒಳಗೆ ಬಂದರು.

"ಎಂತಾ, ಮೇಕಪ್ ಇನ್ನೂ ಶುರು ಮಾಡ್ಲಿಲ್ವಾ?" ಎಂದರು ಒಬ್ಬರು.

ಆಗಿದೆ ಎಂದೆ. ಹೆಂಗಸರು ಮುಖಮುಖ ನೋಡಿಕೊಂಡರು. ಆಯಿ ಹತ್ತಿರ ಬಂದು ಮಗಳ ಗಲ್ಲ ಎತ್ತಿ ನೋಡಿದಳು, ಅವಳ ಕಣ್ಣಲ್ಲಿ ನೀರು ತುಂಬಿತು. "ಇದೆಂತ ಮಾಡಿಟ್ಟದ್ದು? ಇದ್ದ ಬಣ್ಣವೇ ಇದ್ದದೆ. ಪಕ್ಕದ ಛತ್ರದ ಹುಡ್ಗಿ ನೋಡು, ಹಾಲಿನ ಹಾಗೆ ಇದ್ದದೆ. ಗಂಡಿನ ಕಡೆಯವ್ರು ಎಂತ ಹೇಳೂದಿಲ್ಲ? ನಿನ್ನ ಬುಟ್ಟಿ ತಂದಿದ್ದ್ಯಾ? ನೀನೇ ಒಂದು ಕೈ ಹಚ್ಚು."

"ಬೇಡ ಆಯೀ. ನಂಗೆ ಹಿಂಗೇ ಇರ್ಲಿ," ಎಂದಳು ತಂಗಿ. ಆಯಿಗೆ ಹೇಳಿದರೂ ಅವಳು ನೋಡಿದ್ದು ನನ್ನನ್ನು.

ಆ ಕೋಣೆಯಲ್ಲಿ ಕಸುಬು ಗೊತ್ತಿದ್ದವಳು ನಾನೊಬ್ಬಳೇ. ಇದು ಚಲೋ ಆಗಿದೆ, ಮುಟ್ಟಬಾರದು ಎಂದು ನಾನು ಒಂದು ಮಾತು ಹೇಳಿದ್ದರೆ ಆಯಿಯೂ ಆ ಹೆಂಗಸರೂ ಸುಮ್ಮನಾಗುತ್ತಿದ್ದರು. ಅದು ತಂಗಿಗೂ ಗೊತ್ತಿತ್ತು, ಅದಕ್ಕೇ ನನ್ನನ್ನು ನೋಡಿದಳು. ಇದು ನಾನು ಕಂಡ ಕೆಲಸಗಳಲ್ಲೇ ಒಳ್ಳೆಯ ಕೆಲಸ ಎಂದು ನನಗೆ ಅನುಮಾನವಿಲ್ಲದೆ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೇ ನನಗಿಲ್ಲ.

"ಸ್ವಲ್ಪ ಹಚ್ಚಿದ್ರೆ ಎಂತ ಆಗೂದಿಲ್ಲ," ಎಂದೆ.

ಬುಟ್ಟಿ ಮೂಲೆಯಲ್ಲೇ ಇತ್ತು. ತಂದಿದ್ದೆ. ಬೇರೆಯವಳು ಮೇಕಪ್ಪು ಮಾಡುವ ಮದುವೆಗೆ ಬುಟ್ಟಿ ಯಾಕೆ ತಂದೆ ಎಂದು ಬೆಳಿಗ್ಗೆ ಗಂಡ ಕೇಳಿದ್ದಕ್ಕೆ, ಪಿನ್ನು ಗಿನ್ನು ಬೇಕಾಗುತ್ತದೆ ಎಂದಿದ್ದೆ.

ತಂಗಿ ಕಣ್ಣು ಮುಚ್ಚಿ ಮುಖ ಕೊಟ್ಟು ಕೂತಳು, ಜಗಲಿಯಲ್ಲಿ ಕೂರುತ್ತಿದ್ದ ಹಾಗೆಯೇ. ನನ್ನ ಬಿಳಿ ಬಾಟಲಿ ತೆಗೆದು ಸ್ಪಂಜಿಗೆ ಸುರಿದೆ. ಹಣೆ ಹೋಯಿತು, ಗಲ್ಲ ಹೋಯಿತು, ಮೂಗಿನ ಪಕ್ಕದ ಮಚ್ಚೆ ಹೋಯಿತು. ನನ್ನ ಕೈ ಎಂದೂ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಐದು ನಿಮಿಷವೂ ಹಿಡಿಯಲಿಲ್ಲ. ಹೆಂಗಸರು ಬಾಯಿಗೆ ಕೈಯಿಟ್ಟರು, ಆಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ನಾನು ಕನ್ನಡಿ ಕೊಡಹೋದೆ. ತಂಗಿ ಕೈ ಚಾಚಲಿಲ್ಲ.

ಕುಮಟೆಯವಳು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಪೆಟ್ಟಿಗೆಯ ಹತ್ತಿರ ಬಂದು, ಒಂಬತ್ತೂ ಬಾಟಲಿಯ ಮುಚ್ಚಳ ಬಿಗಿ ಮಾಡಿ, ಒಂದೊಂದನ್ನೇ ಅದರದರ ಜಾಗದಲ್ಲಿಟ್ಟು, ಮೆಟ್ಟಿಲು ಮಡಿಚಿ ಕೊಂಡಿ ಹಾಕಿದಳು. ತಂಗಿಯ ಭುಜದ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಅಕ್ಕಾ, ಯಾರಾದ್ರೂ ಕೇಳಿದ್ರೆ ಇದು ನಾ ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ."

ಸಿಟ್ಟಿನಿಂದ ಹೇಳಲಿಲ್ಲ. ಬೇಡಿಕೊಳ್ಳುವ ಹಾಗೆ ಹೇಳಿದಳು. ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದಳು.

ಅವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಸುಳ್ಳಾಗುತ್ತದೆ. ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಗಂಡಿನ ಕಡೆಯ ಹೆಂಗಸರು ಯಾರು ಮಾಡಿದ್ದು ಎಂದು ಕೇಳಿದರು, ಆಯಿ ನನ್ನನ್ನು ತೋರಿಸಿದಳು. ಎರಡು ಮನೆಯವರು ಅಲ್ಲೇ ತಮ್ಮ ಮದುವೆಗೆ ಬರಲು ಹೇಳಿದರು. ನಾನು ಗೆದ್ದಿದ್ದೆ. ಮಂಟಪದಲ್ಲಿ ತಂಗಿ ತಲೆ ತಗ್ಗಿಸಿ ಕೂತಿದ್ದಳು. ಮದುಮಗಳು ಹಾಗೆ ಕೂರುವುದೇ ಚಂದ ಎಂದು ಎಲ್ಲರೂ ಅಂದರು.

ಅದೇ ತಿಂಗಳು ಭಟ್ಕಳಕ್ಕೆ ಹೋಗಿ ಮುದುಕರ ಹತ್ತಿರ ಬಲಗಡೆಯ ಬಾಟಲಿ ಕೇಳಿದೆ. ಉಳಿದದ್ದು ಎರಡೇ ಇತ್ತು. ಸಿಕ್ಕ ಸಿಕ್ಕ ಕಡೆಯಿಂದ, ಒಂದೊಂದಾಗಿ, ಎಂಟು ಬಣ್ಣ ಒಟ್ಟು ಮಾಡಲು ನನಗೆ ಎರಡು ವರ್ಷ ಹಿಡಿಯಿತು. ಅರಿಶಿನದ ಸ್ನಾನದ ನಂತರ ಹೋಗಿ ನೋಡುವುದು, ದವಡೆಯ ಮೇಲೆ ಗೆರೆ ಎಳೆಯುವುದು, ಬೆವರಿಗೆ ಕಾಯುವುದು, ಎರಡು ಕೂಡಿಸುವುದು, ಎಲ್ಲ ಅವಳಿಂದ ಕದ್ದದ್ದೇ. ನಿಧಾನವನ್ನೂ ಕಲಿತೆ. ವಿಡಿಯೋದವನು, "ಈಗ ಸಮ ಆತು ಅಕ್ಕಾ," ಎಂದ. ಪೆಟ್ಟಿಗೆಯನ್ನೂ ಕೊಂಡೆ. ಮೆಟ್ಟಿಲಿನದೇ.

ತಂಗಿಯ ಗಂಡನ ಮನೆ ಕುಮಟೆ. ಅವಳು ಬಸುರಿಯಾಗಿ ಏಳು ತಿಂಗಳಾದಾಗ ಅಲ್ಲೇ ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡರು. ನಾನು ಯಾರೂ ಕರೆಯುವ ಮೊದಲೇ ಪೆಟ್ಟಿಗೆ ಹಿಡಿದು ಬೆಳಗಿನ ಬಸ್ಸಿಗೆ ಹೋದೆ. ಮದುವೆಯ ಮಾತನ್ನು ನಾವಿಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ. ಅವಳು ಮಿಂದು, ಹಸಿರು ಸೀರೆಯುಟ್ಟು, ಒಳಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಪೆಟ್ಟಿಗೆ ಬಿಚ್ಚಿ ಅವಳ ಎದುರಿಗಿಟ್ಟೆ.

"ನೋಡೇ. ಈಗ ನನ್ನ ಹತ್ರ ನಿನ್ನ ಬಣ್ಣ ಅದೆ. ಇದೂ ಇದೂ ಕೂಡ್ಸಿದ್ರೆ ಸಮ ನಿಂದೇ."

ಅವಳು ಬಾಟಲಿಗಳನ್ನು ನೋಡಿದಳು, ಒಂದನ್ನು ಎತ್ತಿ ಬೆಳಕಿಗೆ ಹಿಡಿದೂ ನೋಡಿದಳು. ಜಾಗದಲ್ಲಿ ವಾಪಸು ಇಟ್ಟಳು.

"ಚಲೋ ಅದೆ ಅಕ್ಕಾ," ಎಂದಳು. "ಮೇಕಪ್ಪಿಗೆ ಹತ್ತು ಗಂಟೆಗೆ ಅವ್ಳು ಬತ್ತೆ ಅಂದಾಳೆ.  ನೀ ಹೂ ಮುಡಿಸು."

ಹೇಳಿ, ಮಣೆಯ ಮೇಲೆ ಕೂತಲ್ಲೇ ಮೆಲ್ಲಗೆ ಆ ಕಡೆ ತಿರುಗಿ, ನನಗೆ ಬೆನ್ನು ಕೊಟ್ಟು ಜಡೆಯನ್ನು ನನ್ನ ಕಡೆಗೆ ಬಿಟ್ಟಳು. ತಟ್ಟೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ ಇತ್ತು. ಎತ್ತಿಕೊಂಡು ಮುಡಿಸಿದೆ.